ಫೈಲ್ ಹಂಚುವ ಸ್ಕ್ರಿಪ್ಟ್ ಬರೆಯುವ ಬಗೆ: ಕಾಮಾದಿಂದ ಕಾಪಿರೈಟ್‌ವರೆಗೆ

ಕೆಲವು ಫೈಲ್‌ಗಳನ್ನು ಹಂಚಿಕೊಳ್ಳಲು ಯಾರೋ ಒಬ್ಬರು ಮೂವತ್ತು ಸಾಲಿನ ಸ್ಕ್ರಿಪ್ಟ್ ಬರೆಯುತ್ತಾರೆ. ಅದು ಚೆನ್ನಾಗಿ ಓಡುತ್ತದೆ ಎಂದು ತಿಳಿದ ಮೇಲೆ ಇನ್ನೊಬ್ಬರು ಅದನ್ನು ತಮ್ಮ ಕೆಲಸಕ್ಕೂ ಬಳಸಿಕೊಳ್ಳುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದು ಯಾರ ಫೈಲ್‌ಗಳನ್ನು ಯಾರಿಗೆ ಕೊಡುತ್ತಿದೆ ಎಂಬುದು ಬರೆದವರಿಗೇ ನೆನಪಿರುವುದಿಲ್ಲ. ಇಂಥ ಸ್ಕ್ರಿಪ್ಟ್ ಕುರಿತು ಪ್ರೋಗ್ರಾಮರುಗಳು ಮಾತಿಗೆ ಕೂತಾಗ ಅರ್ಧ ಚರ್ಚೆ ಸಿಂಟ್ಯಾಕ್ಸ್ (ಭಾಷೆಯ ವ್ಯಾಕರಣ) ಮೇಲೆ, ಇನ್ನರ್ಧ ಕಾಪಿರೈಟ್ ಮೇಲೆ ನಡೆಯುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಅವನ್ನು ಬೇರೆ ಬೇರೆಯಾಗಿ ಮುಗಿಸಿ ಎದ್ದುಹೋಗುತ್ತಾರೆ. ಆದರೆ ಯಾವ ಫೈಲ್ ಹೊರಗೆ ಹೋಗಬೇಕು, ಯಾವುದು ಹೋಗಬಾರದು ಎಂಬ ತೀರ್ಮಾನ ಕೊನೆಗೆ ಬಂದು ನಿಲ್ಲುವುದು ಕೋಡಿನ ಒಂದೆರಡು ಸಾಲುಗಳಲ್ಲೇ. ಆ ಸಾಲುಗಳನ್ನು ಓದಿದವರಿಗೆ ಹಕ್ಕಿನ ಲೆಕ್ಕವೂ ಕಣ್ಣಿಗೆ ಬೀಳುವಂತೆ ಬರೆಯುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ಪೈಥಾನ್ ಭಾಷೆಯನ್ನು ಆರಿಸಿಕೊಂಡಿದ್ದೇನೆ. ಫೈಲ್ ಹಂಚಿಕೆಗೂ ಈ ಭಾಷೆಗೂ ಹಳೆಯ ನಂಟಿದೆ: ಬ್ರ್ಯಾಮ್ ಕೋಹೆನ್ 2001ರಲ್ಲಿ ಬಿಡುಗಡೆ ಮಾಡಿದ ಮೊದಲ ಬಿಟ್‌ಟೊರೆಂಟ್ ತಂತ್ರಾಂಶವನ್ನು ಬರೆದಿದ್ದು ಪೈಥಾನ್‌ನಲ್ಲಿ. ಜೊತೆಗೆ, ಒಂದು ಫೋಲ್ಡರನ್ನು ಜಾಲದ ಮೇಲೆ ತೆರೆದಿಡಲು ಬೇಕಾದ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಪೈಥಾನ್‌ನೊಂದಿಗೇ ಬರುತ್ತದೆ. ಒಂದೇ ಆದೇಶದಿಂದ 8000ನೇ ಪೋರ್ಟ್‌ನಲ್ಲಿ ಅದು ಕೆಲಸ ಶುರು ಮಾಡುತ್ತದೆ.

ಮೊದಲ ಎಚ್ಚರಿಕೆ ಈ ಸುಲಭದ ದಾರಿಯ ಬಗ್ಗೆಯೇ. ಆ ಮಾಡ್ಯೂಲನ್ನು ಹಾಗೆಯೇ ಓಡಿಸಿದರೆ, ನೀವು ಆಗ ನಿಂತಿರುವ ಫೋಲ್ಡರಿನಲ್ಲಿರುವುದೆಲ್ಲ, ಒಳಗಿನ ಫೋಲ್ಡರುಗಳ ಸಮೇತ, ತೆರೆದುಕೊಳ್ಳುತ್ತದೆ. ಅದು ನಿಮ್ಮ ಕಂಪ್ಯೂಟರಿಗಷ್ಟೇ ಕಾಣುವಂತೆ ಓಡುವುದಿಲ್ಲ. ನೀವು ಬೈಂಡ್ ಆಯ್ಕೆಯಲ್ಲಿ ವಿಳಾಸ ಹೇಳದ ಹೊರತು ಎಲ್ಲ ಜಾಲ ಸಂಪರ್ಕಗಳಿಗೂ ಕಿವಿಗೊಡುತ್ತದೆ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಫೋಲ್ಡರಿನೊಳಗೆ ಸಿಂಬಾಲಿಕ್ ಲಿಂಕ್ (ಬೇರೆಡೆಯ ಫೈಲನ್ನೋ ಫೋಲ್ಡರನ್ನೋ ತೋರಿಸುವ ಕೊಂಡಿ) ಇದ್ದರೆ ಸರ್ವರ್ ಅದನ್ನು ಹಿಂಬಾಲಿಸಿ ಹೊರಗಿನ ಫೈಲನ್ನೂ ಕೊಟ್ಟುಬಿಡುತ್ತದೆ. ಹೀಗಾಗಿ ನೀವು ‘ಈ ಫೋಲ್ಡರನ್ನು ಮಾತ್ರ ಹಂಚಿದ್ದೇನೆ’ ಎಂದು ನಂಬಿರುವಾಗ, ಎಂದೋ ಮಾಡಿಟ್ಟ ಒಂದು ಲಿಂಕಿನ ಮೂಲಕ, ಹಣ ಕೊಟ್ಟು ಕೊಂಡ ಪುಸ್ತಕಗಳ ಸಂಗ್ರಹವೇ ಹಂಚಿಹೋಗುತ್ತಿರಬಹುದು. ಪೈಥಾನ್ ದಾಖಲೆಗಳೇ ಈ ಮಾಡ್ಯೂಲನ್ನು ಗಂಭೀರ ಬಳಕೆಗೆ ಹಚ್ಚಬೇಡಿ ಎಂದು ಹೇಳುತ್ತವೆ. ಅದನ್ನು ಅಡಿಪಾಯವಾಗಿ ಬಳಸಿದರೂ, ಮೇಲೆ ನಿಮ್ಮದೇ ಕಾವಲು ಇರಲೇಬೇಕು.

ಆ ಕಾವಲನ್ನು ಬರೆಯುವಾಗ ನಿಷೇಧದ ಪಟ್ಟಿಗಿಂತ ಅನುಮತಿಯ ಪಟ್ಟಿ ಮೇಲು. ‘ಇವಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ಹೋಗಲಿ’ ಎಂದು ಬರೆದರೆ ನಾಳೆ ಸೇರುವ ಹೊಸ ಫೈಲ್ ತಾನಾಗಿಯೇ ಹಂಚಿಕೆಗೆ ಒಳಪಡುತ್ತದೆ. ‘ಇವಿಷ್ಟು ಮಾತ್ರ ಹೋಗಲಿ’ ಎಂದು ಬರೆದರೆ ಹೊಸ ಫೈಲ್ ಯಾರಾದರೂ ಯೋಚಿಸಿ ಬರೆಯುವ ತನಕ ಒಳಗೇ ಉಳಿಯುತ್ತದೆ. ಇಷ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ತೊಡಕು ಬರುವುದು ಅದನ್ನು ಬರೆಯುವ ರೀತಿಯಲ್ಲಿ. ಫೈಲಿನ ವಿಸ್ತರಣೆಯನ್ನು (ಹೆಸರಿನ ಕೊನೆಯಲ್ಲಿ ಚುಕ್ಕೆಯೊಂದಿಗೆ ಬರುವ ಭಾಗವನ್ನು) ನೋಡಿ ಬಿಡುವ ಈ ಸಾಲನ್ನು ಗಮನಿಸಿ:

    ಅನುಮತಿ = (".ಪಠ್ಯ")

ದುಂಡು ಬ್ರ್ಯಾಕೆಟ್ ಇರುವುದರಿಂದ ಇದು ಟಪಲ್ (ಅಂಶಗಳ ಸಾಲು) ಎಂದು ಕಣ್ಣು ಓದಿಕೊಳ್ಳುತ್ತದೆ. ಆದರೆ ಪೈಥಾನ್‌ನಲ್ಲಿ ಟಪಲ್ ಆಗಿಸುವುದು ಬ್ರ್ಯಾಕೆಟ್ ಅಲ್ಲ, ಕಾಮಾ. ಒಂದೇ ಅಂಶವಿರುವ ಟಪಲಿಗೆ ಕೊನೆಯಲ್ಲಿ ಕಾಮಾ ಬೇಕೇ ಬೇಕು:

    ಅನುಮತಿ = (".ಪಠ್ಯ",)

ಕಾಮಾ ಬಿಟ್ಟುಹೋದ ಮೊದಲ ಸಾಲಿನಲ್ಲಿ ‘ಅನುಮತಿ’ ಬರಿಯ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ. ಈಗ ಫೈಲಿನ ವಿಸ್ತರಣೆ ಅದರಲ್ಲಿ ಇದೆಯೇ ಎಂದು ‘ಇನ್’ ಕೀವರ್ಡ್ ಬಳಸಿ ಕೇಳಿದರೆ, ಪೈಥಾನ್ ಅಂಶಗಳನ್ನು ಹೋಲಿಸುವುದಿಲ್ಲ. ಒಂದು ಸ್ಟ್ರಿಂಗಿನೊಳಗೆ ಇನ್ನೊಂದು ತುಣುಕು ಅಡಗಿದೆಯೇ ಎಂದು ಹುಡುಕುತ್ತದೆ. ವಿಸ್ತರಣೆಯೇ ಇಲ್ಲದ ಫೈಲಿಗೆ, ಫೈಲಿನ ಹೆಸರು-ಜಾಗಗಳನ್ನು ನಿಭಾಯಿಸುವ ಪೈಥಾನ್ ಮಾಡ್ಯೂಲಾದ ಪಾತ್‌ಲಿಬ್ ಕೊಡುವ ಉತ್ತರ ಖಾಲಿ ಸ್ಟ್ರಿಂಗ್. ಖಾಲಿ ಸ್ಟ್ರಿಂಗ್ ಯಾವ ಸ್ಟ್ರಿಂಗಿನೊಳಗೂ ‘ಇದೆ’ ಎಂದೇ ಲೆಕ್ಕ. ಪರಿಣಾಮವೇನೆಂದರೆ, ಪಠ್ಯ ಫೈಲ್‌ಗಳನ್ನು ಮಾತ್ರ ಬಿಡಬೇಕಾದ ಸ್ಕ್ರಿಪ್ಟ್ ವಿಸ್ತರಣೆಯಿಲ್ಲದ ಪ್ರತಿಯೊಂದು ಫೈಲನ್ನೂ ಬಿಡುತ್ತದೆ. ದೂರದ ಕಂಪ್ಯೂಟರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಖಾಸಗಿ ಕೀಗಳಿಗೆ ರೂಢಿಯಲ್ಲಿ ವಿಸ್ತರಣೆ ಇರುವುದಿಲ್ಲ. ಚುಕ್ಕೆಯಿಂದ ಶುರುವಾಗುವ, ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುವ ಎನ್ವ್ ಫೈಲಿಗೂ ಪಾತ್‌ಲಿಬ್ ಕಣ್ಣಿನಲ್ಲಿ ವಿಸ್ತರಣೆ ಇಲ್ಲ. ಸ್ಕ್ರಿಪ್ಟ್ ಎಲ್ಲಿಯೂ ನಿಲ್ಲುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಕೋಡ್ ಪರಿಶೀಲಿಸುವವರು ಈ ಒಂದು ಕಾಮಾವನ್ನು ಹುಡುಕಿಕೊಂಡೇ ಹೋಗಬೇಕು.

ಇದರ ಜೊತೆಗಾರ ತಪ್ಪು ಪಟ್ಟಿಗಳಲ್ಲಿ ಸಿಗುತ್ತದೆ. ಎರಡು ಉದ್ಧರಣ ಚಿಹ್ನೆಗಳ ನಡುವೆ ಕಾಮಾ ಮರೆತರೆ ಪೈಥಾನ್ ಆ ಎರಡು ಸ್ಟ್ರಿಂಗುಗಳನ್ನು ಸದ್ದಿಲ್ಲದೆ ಒಂದಾಗಿ ಹೊಲಿಯುತ್ತದೆ. ಎರಡು ಹೆಸರುಗಳು ಹೋಗಿ, ಎಲ್ಲಿಯೂ ಇಲ್ಲದ ಮೂರನೆಯ ಹೆಸರೊಂದು ಪಟ್ಟಿಯಲ್ಲಿ ಕೂರುತ್ತದೆ. ಅನುಮತಿಯ ಪಟ್ಟಿಯಲ್ಲಾದರೆ ಎರಡು ಫೈಲ್ ಹೋಗುವುದಿಲ್ಲ, ಅಷ್ಟೇ. ನಿಷೇಧದ ಪಟ್ಟಿಯಲ್ಲಾದರೆ ತಡೆಯಬೇಕಾದ ಎರಡೂ ಹೊರಗೆ ಹೋಗುತ್ತವೆ. ಅನುಮತಿಯ ಪಟ್ಟಿಯೇ ಮೇಲು ಎನ್ನಲು ಇದು ಇನ್ನೊಂದು ಕಾರಣ.

ನಾನು ಸೂಚಿಸುವ ರಚನೆ ಇವೆರಡನ್ನೂ ದಾಟುತ್ತದೆ. ವಿಸ್ತರಣೆಯ ಮೇಲೆ ತೀರ್ಮಾನ ಮಾಡುವುದನ್ನೇ ಬಿಟ್ಟುಬಿಡಿ. ವಿಸ್ತರಣೆ ಫೈಲಿನ ಬಗೆಯನ್ನು ಹೇಳೀತೇ ಹೊರತು ಅದನ್ನು ಹಂಚುವ ಹಕ್ಕು ನಿಮಗಿದೆಯೇ ಎಂಬುದನ್ನು ಹೇಳಲಾರದು. ಅದರ ಬದಲು ಪ್ರತಿಯೊಂದು ಫೈಲಿನ ಹೆಸರನ್ನೂ, ಅದನ್ನು ಹಂಚಲು ಇರುವ ಆಧಾರವನ್ನೂ ಡಿಕ್ಷನರಿ ಎಂಬ ಪೈಥಾನ್ ರಚನೆಯಲ್ಲಿ ಜೋಡಿಯಾಗಿ ಬರೆಯಿರಿ:

    ಹಂಚಿಕೆ = {
        "ಪದಪಟ್ಟಿ.ಪಠ್ಯ": "ಸಿಸಿ ಬಿವೈ 4.0",
        "ನಕ್ಷೆ.ಚಿತ್ರ": "ಸ್ವಂತ ಕೃತಿ",
    }

‘ಸಿಸಿ ಬಿವೈ’ ಎಂಬುದು ಕರ್ತೃವಿನ ಹೆಸರು ಹೇಳಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಇಲ್ಲಿ ಎರಡು ಸಾಲುಗಳ ನಡುವಿನ ಕಾಮಾ ಮರೆತರೆ ಎರಡನೆಯ ಕೋಲನ್ ಬಳಿ ಸಿಂಟ್ಯಾಕ್ಸ್ ದೋಷ ಬಂದು ಸ್ಕ್ರಿಪ್ಟ್ ಶುರುವಾಗುವುದೇ ಇಲ್ಲ. ಮೌನವಾಗಿ ನಡೆಯುತ್ತಿದ್ದ ತಪ್ಪು ಈಗ ಕೂಗಿ ಹೇಳುತ್ತದೆ. ಆಧಾರವನ್ನು ಬರೆಯದೆ ಹೆಸರನ್ನಷ್ಟೇ ಸೇರಿಸಲು ಹೋದರೂ ಅದೇ ದೋಷ ಬರುತ್ತದೆ. ಅಂದರೆ ‘ಇದನ್ನು ಹಂಚಲು ನಿನಗೇನು ಹಕ್ಕು?’ ಎಂಬ ಪ್ರಶ್ನೆಯನ್ನು ಭಾಷೆಯ ವ್ಯಾಕರಣವೇ ಕೇಳುವಂತಾಯಿತು. ಒಂದೇ ಹೆಸರನ್ನು ಎರಡು ಸಲ ಬರೆದರೆ ಮಾತ್ರ ಪೈಥಾನ್ ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಹೇಳದೆ ಬಿಡುತ್ತದೆ. ಪಟ್ಟಿಯನ್ನು ಅಕಾರಾದಿಯಾಗಿ ಇಟ್ಟರೆ ಇದು ಕಣ್ಣಿಗೆ ಬೀಳುತ್ತದೆ.

ಕೋರಿಕೆ ಬಂದಾಗ ಫೈಲಿನ ಹೆಸರನ್ನು ಈ ಡಿಕ್ಷನರಿಯಲ್ಲಿ ನೇರವಾಗಿ ಹುಡುಕಿ. ಹೆಸರು ಪೂರ್ತಿಯಾಗಿ ಹೊಂದಬೇಕಾದ್ದರಿಂದ, ಎರಡು ಚುಕ್ಕೆಗಳನ್ನು ಸೇರಿಸಿ ಮೇಲಿನ ಫೋಲ್ಡರಿಗೆ ಹತ್ತಲು ಯತ್ನಿಸುವ ಕೋರಿಕೆಗಳು ಅಲ್ಲಿಯೇ ಬಿದ್ದುಹೋಗುತ್ತವೆ. ಲಿಂಕುಗಳ ತೊಂದರೆ ಮಾತ್ರ ಉಳಿಯುತ್ತದೆ: ಕೊಡುವ ಮುನ್ನ ಪಾತ್‌ಲಿಬ್‌ನ ರಿಸಾಲ್ವ್ ವಿಧಾನದಿಂದ ನಿಜವಾದ ಜಾಗವನ್ನು ಕಂಡುಕೊಂಡು, ಅದು ಹಂಚಿಕೆಯ ಫೋಲ್ಡರಿನ ಒಳಗೇ ಇದೆಯೇ ಎಂದು ಪರೀಕ್ಷಿಸಿ. ಈ ಪರೀಕ್ಷೆಗೆ ಪೈಥಾನ್ 3.9ರಿಂದ ‘ಈಸ್ ರಿಲೇಟಿವ್ ಟು’ ಎಂಬ ವಿಧಾನವಿದೆ. ಸ್ಟ್ರಿಂಗಿನ ಆರಂಭವನ್ನು ಹೋಲಿಸಿ ನೋಡಬೇಡಿ. ಹಾಗೆ ಮಾಡಿದರೆ ‘ಹಂಚಿಕೆ’ ಎಂಬ ಫೋಲ್ಡರಿಗೂ ‘ಹಂಚಿಕೆ-ಖಾಸಗಿ’ ಎಂಬ ಫೋಲ್ಡರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಸಂಗ ಬಂದದ್ದರಿಂದ ಒಂದು ಮಾತು: ಮೇಲಿನ ಸಾಲುಗಳು ಇದ್ದ ಹಾಗೆಯೇ ಓಡುತ್ತವೆ, ಏಕೆಂದರೆ ಪೈಥಾನ್ 3 ವೇರಿಯಬಲ್ ಹೆಸರುಗಳಲ್ಲಿ ಕನ್ನಡ ಅಕ್ಷರಗಳನ್ನು ಒಪ್ಪುತ್ತದೆ. ಆದರೆ ‘ಫೈಲ್‌ಗಳು’ ಎಂಬ ಹೆಸರು ಕೊಟ್ಟರೆ ದೋಷ ಬರುತ್ತದೆ. ಲಕಾರ ಗಕಾರಗಳು ಕೂಡಿ ಒತ್ತಕ್ಷರವಾಗದಂತೆ ನಡುವೆ ಕೂತಿರುವ ಕಣ್ಣಿಗೆ ಕಾಣದ ಅಕ್ಷರವನ್ನು ಅದು ಹೆಸರಿನ ಭಾಗವೆಂದು ಒಪ್ಪುವುದಿಲ್ಲ. ಉದ್ಧರಣ ಚಿಹ್ನೆಗಳ ಒಳಗಾದರೆ ತಕರಾರಿಲ್ಲ.

ಈಗ ಆಧಾರದ ಅಂಕಣವನ್ನು ತುಂಬುವ ಕೆಲಸ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ, ಅದೂ ಒಳ್ಳೆಯ ಮನಸ್ಸಿನವರಿಂದಲೇ. ಕಾಪಿರೈಟ್ ಕುರಿತು ದೇಶಗಳ ನಡುವೆ 1886ರಲ್ಲಿ ಶುರುವಾದ ಬರ್ನ್ ಒಪ್ಪಂದದ ಇಂದಿನ ನಿಯಮದಂತೆ ಕಾಪಿರೈಟ್ ಪಡೆಯಲು ನೋಂದಣಿಯಾಗಲಿ, ಚಿಹ್ನೆಯಾಗಲಿ ಬೇಕಿಲ್ಲ. ಆದ್ದರಿಂದ ‘ಅದರ ಮೇಲೆ ಏನೂ ಬರೆದಿರಲಿಲ್ಲ’ ಎಂಬುದು ಅನುಮತಿಯಲ್ಲ. ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ ಎಂಬುದೂ ಅನುಮತಿಯಲ್ಲ. ಲೈಸೆನ್ಸ್ ಇಲ್ಲದ ತೆರೆದ ರೆಪಾಸಿಟರಿಯ (ಕೋಡ್ ಭಂಡಾರದ) ಕೋಡ್ ಓದಲು ಸಿಗುತ್ತದೆ, ಮರುಹಂಚಿಕೆಗೆ ಸಿಗುವುದಿಲ್ಲ. ಹಣ ಕೊಟ್ಟು ಕೊಂಡ ಫೈಲ್ ನಿಮ್ಮ ಬಳಕೆಗೆ ಸಿಕ್ಕಿದೆಯೇ ಹೊರತು ಅದರ ಪ್ರತಿ ಮಾಡಿ ಹಂಚುವ ಹಕ್ಕು ಅದರೊಂದಿಗೆ ಬಂದಿಲ್ಲ. ‘ಹಳೆಯದು’ ಎಂಬುದಂತೂ ಅಳತೆಯೇ ಅಲ್ಲ: ಬರ್ನ್ ಒಪ್ಪಂದ ಹೇಳುವ ಸಾಮಾನ್ಯ ಕನಿಷ್ಠ ಅವಧಿ ಲೇಖಕರ ಮರಣದ ನಂತರ 50 ವರ್ಷ, ಅನೇಕ ದೇಶಗಳಲ್ಲಿ ಅದು 70 ವರ್ಷ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದ್ದರೆ ಅದರ ಪೂರ್ತಿ ಹೆಸರನ್ನೂ ಆವೃತ್ತಿ ಸಂಖ್ಯೆಯನ್ನೂ ಬರೆಯಿರಿ. ಬರಿಯ ‘ಸಿಸಿ’ ಎಂದು ಬರೆದರೆ ವಾಣಿಜ್ಯ ಬಳಕೆ ಸಲ್ಲದೆಂಬ ಷರತ್ತು ಇದೆಯೇ, ಬದಲಾವಣೆ ಮಾಡಿ ಹಂಚಬಹುದೇ ಎಂಬುದು ಮುಂದಿನವರಿಗೆ ತಿಳಿಯದು. ಬಿವೈ ಎಂಬುದು ಇದ್ದರೆ ಕರ್ತೃವಿನ ಹೆಸರು ಫೈಲಿನ ಜೊತೆಗೇ ಹೋಗಬೇಕು, ಆದ್ದರಿಂದ ಅದಕ್ಕೂ ಡಿಕ್ಷನರಿಯಲ್ಲಿ ಜಾಗ ಮಾಡಿ. ಆಧಾರ ಗೊತ್ತಿಲ್ಲದಿದ್ದರೆ ಆ ಸಾಲನ್ನು ಬರೆಯಲೇಬೇಡಿ.

ಹಂಚುವ ಮಾರ್ಗವೂ ಲೆಕ್ಕಕ್ಕೆ ಬರುತ್ತದೆ. ಸರ್ವರ್ ಇದ್ದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಸ್ಪಷ್ಟ. ಟೊರೆಂಟ್‌ನಲ್ಲಿ ಹಾಗಲ್ಲ: ಇಳಿಸಿಕೊಳ್ಳುತ್ತಿರುವವರ ಕಂಪ್ಯೂಟರ್ ತನಗೆ ಬಂದ ತುಣುಕುಗಳನ್ನು ಆಗಲೇ ಬೇರೆಯವರಿಗೆ ಕೊಡಲೂ ತೊಡಗಿರುತ್ತದೆ. 1996ರ ವಿಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಕಾಪಿರೈಟ್ ಒಪ್ಪಂದ ಕೃತಿಯನ್ನು ಸಾರ್ವಜನಿಕರಿಗೆ ದೊರಕುವಂತೆ ಇಡುವುದನ್ನೇ ಕರ್ತೃವಿನ ಹಕ್ಕೆಂದು ಗುರುತಿಸಿದೆ; ಹಾಗಾಗಿ ‘ನಾನು ಪಡೆದೆನಷ್ಟೇ’ ಎಂಬ ಮಾತು ಅಲ್ಲಿ ನಿಲ್ಲುವುದು ಕಷ್ಟ. ತಂತ್ರಜ್ಞಾನವೇ ತಪ್ಪೆಂದು ಇದರ ಅರ್ಥವಲ್ಲ; ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್ ತನ್ನ ಅನುಸ್ಥಾಪನಾ ಡಿಸ್ಕ್‌ಗಳನ್ನು ಟೊರೆಂಟ್ ಮೂಲಕವೂ ಕೊಡುತ್ತದೆ. ಆದರೆ ಟೊರೆಂಟಿಗೆ ಸೇರಿಸುವ ಫೈಲಿನ ಆಧಾರವನ್ನು ಇನ್ನೊಬ್ಬರಿಂದ ಓದಿಸಿ ಖಚಿತಪಡಿಸಿಕೊಳ್ಳಿ, ಏಕೆಂದರೆ ನಿಮ್ಮ ಪಟ್ಟಿಯಿಂದ ಸಾಲು ಅಳಿಸಿದರೂ ಹರಡಿಹೋದ ಪ್ರತಿಗಳು ಹಿಂದೆ ಬರುವುದಿಲ್ಲ.

ಇನ್ನು ಸ್ಕ್ರಿಪ್ಟಿನದೇ ಹಕ್ಕು. ಭಾಷೆಯ ಸಿಂಟ್ಯಾಕ್ಸನ್ನು ಬಳಸಲು ಯಾರ ಅನುಮತಿಯೂ ಬೇಡ. ಎಸ್‌ಎಎಸ್ ಇನ್‌ಸ್ಟಿಟ್ಯೂಟ್ ಮತ್ತು ವರ್ಲ್ಡ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ಕಂಪನಿಗಳ ನಡುವಿನ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ 2012ರ ಮೇ ತಿಂಗಳಲ್ಲಿ, ಪ್ರೋಗ್ರಾಮಿನ ಕಾರ್ಯವಿಧಾನ, ಅದರ ಭಾಷೆ, ಅದರ ಡೇಟಾ ಫೈಲ್‌ಗಳ ವಿನ್ಯಾಸ ಇವು ಕಂಪ್ಯೂಟರ್ ಪ್ರೋಗ್ರಾಮುಗಳ ಕಾಪಿರೈಟ್ ರಕ್ಷಣೆಗೆ ಒಳಪಡುವುದಿಲ್ಲ ಎಂದು ಹೇಳಿತು. ಆದರೆ ಆ ಸಿಂಟ್ಯಾಕ್ಸ್ ಬಳಸಿ ಇನ್ನೊಬ್ಬರು ಬರೆದ ಕೋಡ್ ಅವರದೇ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳಿಂದ ಇಪ್ಪತ್ತು ಸಾಲು ನಕಲು ಮಾಡಿದರೆ ಅದು ಸಿಸಿ ಬಿವೈ-ಎಸ್‌ಎ (ಹೆಸರು ಹೇಳಿ, ಬದಲಿಸಿದರೆ ಅದೇ ಷರತ್ತಿನಲ್ಲಿ ಹಂಚಿ) ಅಡಿಯಲ್ಲಿ ಬಂದಿದೆ; 2018ರ ಮೇ 2ರ ನಂತರದ ಉತ್ತರಗಳಿಗೆ 4.0 ಆವೃತ್ತಿ, ಅದಕ್ಕಿಂತ ಹಳೆಯವಕ್ಕೆ ಹಿಂದಿನ ಆವೃತ್ತಿಗಳು. ಮೂಲದ ಕೊಂಡಿಯನ್ನು ಆ ಫಂಕ್ಷನ್ನಿನ ಮೇಲೆಯೇ ಕಾಮೆಂಟಾಗಿ ಬರೆಯಿರಿ, ಅಥವಾ ಉತ್ತರದ ಉಪಾಯವನ್ನು ಅರಿತುಕೊಂಡು ಕೋಡನ್ನು ನೀವೇ ಬರೆಯಿರಿ; ನಾನು ಎರಡನೆಯದನ್ನೇ ಮಾಡುತ್ತೇನೆ. ನಿಮ್ಮ ಸ್ಕ್ರಿಪ್ಟಿಗೆ ಎಂಐಟಿ, ಅಪಾಚೆ 2.0, ಜಿಪಿಎಲ್ ಇವುಗಳಂಥ ತಂತ್ರಾಂಶದ ಲೈಸೆನ್ಸ್ ಆರಿಸಿ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ತನ್ನ ಲೈಸೆನ್ಸುಗಳನ್ನು ತಂತ್ರಾಂಶಕ್ಕೆ ಶಿಫಾರಸು ಮಾಡುವುದಿಲ್ಲ. ಆರಿಸಿದ್ದನ್ನು ಫೈಲಿನ ತಲೆಯಲ್ಲಿ, ಮೊದಲ ಇಂಟರ್‌ಪ್ರಿಟರ್ ಸಾಲಿನ ಕೆಳಗೆ, ಎಸ್‌ಪಿಡಿಎಕ್ಸ್ ಗುರುತಿನ (ಲೈಸೆನ್ಸಿನ ಪ್ರಮಾಣಿತ ಕಿರುಹೆಸರಿನ) ಕಾಮೆಂಟಾಗಿ ಬರೆದರೆ ಸ್ಕ್ರಿಪ್ಟ್ ಒಂಟಿಯಾಗಿ ಎಲ್ಲಿ ಹೋದರೂ ಲೈಸೆನ್ಸ್ ಅದರ ಜೊತೆಗಿರುತ್ತದೆ.

ಪರೀಕ್ಷಾ ಫೈಲ್‌ಗಳನ್ನು ಮತ್ತು ಬಳಕೆಯ ವಿವರಣೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಪೈಥಾನ್‌ನಲ್ಲಿ ಬರೆದ, ವಿಡಿಯೊ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಯೋಜನೆಯನ್ನು 2020ರ ಅಕ್ಟೋಬರಿನಲ್ಲಿ, ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಆರ್‌ಐಎಎ ಕಳಿಸಿದ ನೋಟಿಸಿನ ಮೇರೆಗೆ ಕೋಡ್ ಇಡುವ ತಾಣ ಗಿಟ್‌ಹಬ್ ಕೆಳಗಿಳಿಸಿತು. ನೋಟಿಸಿನ ಮುಖ್ಯ ಆಕ್ಷೇಪ ತಾಂತ್ರಿಕ ರಕ್ಷಣೆಯನ್ನು ಮುರಿಯುವುದರ ಬಗ್ಗೆ ಇದ್ದರೂ, ಯೋಜನೆಯ ಪರೀಕ್ಷಾ ಕೋಡಿನಲ್ಲಿ ಕಾಪಿರೈಟ್ ಇರುವ ಸಂಗೀತ ವಿಡಿಯೊಗಳ ಉಲ್ಲೇಖವಿದ್ದುದನ್ನೂ ಅದು ಎತ್ತಿ ತೋರಿಸಿತ್ತು. ಮುಂದಿನ ತಿಂಗಳು ಆ ಉಲ್ಲೇಖಗಳನ್ನು ತೆಗೆದ ಮೇಲೆ ಯೋಜನೆ ಮರಳಿತು. ಅದಕ್ಕೂ ಹಿಂದೆ, ಗ್ರಾಕ್‌ಸ್ಟರ್ ಎಂಬ ಫೈಲ್ ಹಂಚಿಕೆ ತಂತ್ರಾಂಶದ ಕುರಿತ 2005ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಉಲ್ಲಂಘನೆಗೆ ಪ್ರೇರೇಪಿಸುವ ಉದ್ದೇಶದಿಂದ ಸಾಧನವನ್ನು ಹಂಚಿದವರು ಬಳಕೆದಾರರ ಉಲ್ಲಂಘನೆಗೂ ಹೊಣೆಯಾಗುತ್ತಾರೆ ಎಂದು ಹೇಳಿತ್ತು. ಆದ್ದರಿಂದ ಉದಾಹರಣೆಯಲ್ಲಿ ಜನಪ್ರಿಯ ಚಲನಚಿತ್ರದ ಹೆಸರನ್ನು ಬಳಸಬೇಡಿ. ಪರೀಕ್ಷೆಗೆ ಬೇಕಾದ ಫೈಲನ್ನು ಸ್ಕ್ರಿಪ್ಟೇ ಸೃಷ್ಟಿಸಲಿ: ಓಎಸ್ ಮಾಡ್ಯೂಲಿನ ಯುರ್‍ಯಾಂಡಮ್ ಫಂಕ್ಷನ್ ಕೇಳಿದಷ್ಟು ಬೈಟ್‌ಗಳ ಯಾದೃಚ್ಛಿಕ ದತ್ತಾಂಶ ಕೊಡುತ್ತದೆ, ಅದರ ಮೇಲೆ ಯಾರ ಹಕ್ಕೂ ಇರುವುದಿಲ್ಲ.

ಕೊನೆಗೆ, ಬೇರೆಯವರಿಗೆ ಕೊಡುವ ಮುನ್ನ ಸ್ಕ್ರಿಪ್ಟನ್ನು ಓಡಿಸಿ ನಾಲ್ಕು ಕೋರಿಕೆಗಳನ್ನು ಕಳಿಸಿ: ಪಟ್ಟಿಯಲ್ಲಿರುವ ಫೈಲ್, ಪಟ್ಟಿಯಲ್ಲಿಲ್ಲದ ಫೈಲ್, ವಿಸ್ತರಣೆಯಿಲ್ಲದ ಫೈಲ್, ಮತ್ತು ಪಟ್ಟಿಗೆ ಬೇಕೆಂದೇ ಹೆಸರು ಸೇರಿಸಿದ, ಹೊರಗಿನ ಫೋಲ್ಡರನ್ನು ತೋರಿಸುವ ಲಿಂಕ್. ಮೊದಲನೆಯದಕ್ಕೆ ಮಾತ್ರ ಫೈಲ್ ಬರಬೇಕು, ಉಳಿದ ಮೂರಕ್ಕೂ 404 (‘ಸಿಗಲಿಲ್ಲ’ ಎಂಬ ಉತ್ತರ) ಬರಬೇಕು. ನಾಲ್ಕನೆಯದಕ್ಕೆ ಫೈಲ್ ಬಂದರೆ ರಿಸಾಲ್ವ್ ಮಾಡುವ ಸಾಲು ಫೈಲನ್ನು ತೆರೆದ ನಂತರ ಬರುತ್ತಿದೆಯೇ ಎಂದು ನೋಡಿ. ಅದು ತೆರೆಯುವ ಮುನ್ನವೇ ಇರಬೇಕು.