ಪಿಕಪ್‌ಗೆ ಪ್ರೀಮಿಯಂ ಡೀಸೆಲ್ ಹಾಕಿಸಿ ನೋಡಿದೆ, ಲೆಕ್ಕ ಹೀಗಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಾಡಿಯಲ್ಲಿ, ಬಂಕಿನಲ್ಲಿ ಸಾಧಾರಣದ್ದಕ್ಕಿಂತ ಹೆಚ್ಚು ಬೆಲೆಗೆ ಸಿಗುವ ಪ್ರೀಮಿಯಂ ಡೀಸೆಲ್‌ಗೆ ಹಾಕಿದ ದುಡ್ಡು ವಾಪಸ್ ಬರಲಿಲ್ಲ. ಆದರೆ ಅದನ್ನು ಹಾಕಿಸೋಣ ಅಂತ ಅನ್ನಿಸಿದ್ದು ಯಾಕೆ ಅನ್ನುವುದೂ ಮುಖ್ಯ. ಅದನ್ನು ಬಿಟ್ಟು ಬರೀ ಲೆಕ್ಕ ಹೇಳಿದರೆ ಯಾರಿಗೂ ಉಪಯೋಗ ಇಲ್ಲ.

ನನ್ನದು 2018ರ ಬೊಲೆರೊ ಪಿಕಪ್. ಕೊಡಗಿನ ಮಾದಾಪುರದ ಹತ್ತಿರ ತೋಟ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ, ಅದರ ಹಿಂದೆಯೇ ಕರಿಮೆಣಸು, ಎಲ್ಲ ಕುಶಾಲನಗರಕ್ಕೆ ಇಳಿಸಬೇಕು. ವಾಪಸ್ ಬರುವಾಗ ಗೊಬ್ಬರ, ಹಿಂಡಿ, ಸಿಮೆಂಟ್, ಏನಾದರೂ ಒಂದು ಲೋಡ್ ಇದ್ದೇ ಇರುತ್ತದೆ. ಅಕ್ಕಪಕ್ಕದ ನಾಲ್ಕು ತೋಟದವರ ಬಾಡಿಗೆಯೂ ನನ್ನದೇ. ಸೀಸನ್‌ನಲ್ಲಿ ತಿಂಗಳಿಗೆ 2200 ಕಿ.ಮೀ. ಆಗುತ್ತದೆ. 2025ರ ಏಪ್ರಿಲ್ 1ರಂದು ರಾಜ್ಯದವರು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಏರಿಸಿ ಲೀಟರಿಗೆ 2 ರೂಪಾಯಿ ಜಾಸ್ತಿ ಆದಾಗಿನಿಂದ ನಾನು ಪ್ರತಿ ಟ್ಯಾಂಕಿನ ಲೆಕ್ಕ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಮಂಗಳೂರಿಂದ ಹಂಚು ತುಂಬಿಕೊಂಡು ಬರುತ್ತಿದ್ದೆ. ಸಂಪಾಜೆಯವರೆಗೆ ಏನೂ ಗೊತ್ತಾಗಲಿಲ್ಲ. ಕೊಯನಾಡು ದಾಟಿ ದೇವರಕೊಲ್ಲಿ ಹತ್ತಿರ ಏರು ಜಾಸ್ತಿ ಆದ ಮೇಲೆ ಗಾಡಿ ಎಳೆಯಲೇ ಇಲ್ಲ. ಯಾವಾಗಲೂ ಮೂರನೇ ಗೇರಿನಲ್ಲಿ ಹತ್ತುವ ತಿರುವಿಗೆ ಎರಡನೇ ಗೇರ್, ಅದರ ಮುಂದಿನದಕ್ಕೆ ಒಂದನೇ ಗೇರ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಒಂದು ಸಲ ಎದ್ದು ಮತ್ತೆ ಕುಸಿಯುತ್ತಿತ್ತು. ಹಿಂದೆ ಬಸ್ಸಿನವರು ಹಾರ್ನ್ ಹೊಡೀತಾ ಇದ್ದರು, ಮುಂದೆ ಮಂಜು, ಪಕ್ಕಕ್ಕೆ ಹಾಕಲು ಜಾಗ ಇಲ್ಲ. ಜೋಡುಪಾಲದಲ್ಲಿ ಒಂದು ಕಡೆ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆವತ್ತು ಮಡಿಕೇರಿ ಮುಟ್ಟಿದ್ದೇ ದೊಡ್ಡದು.

ಮಾರನೇ ದಿನ ಬಂಕಿನಲ್ಲಿ ವಿಷಯ ಹೇಳಿದಾಗ ಅಲ್ಲಿದ್ದ ಹುಡುಗ, “ಎರಡು ಮೂರು ಟ್ಯಾಂಕ್ ಪ್ರೀಮಿಯಂ ಹಾಕಿಸಿ ಅಣ್ಣ, ಇಂಜೆಕ್ಟರ್ ಕ್ಲೀನ್ ಆಗ್ತದೆ, ಎಳೆತ ತಾನಾಗೇ ಬರ್ತದೆ” ಅಂದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಪ್ರೀಮಿಯಂ ಡೀಸೆಲ್‌ನಲ್ಲಿ ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ಭಾಗ) ತೊಳೆಯುವ ಅಡಿಟಿವ್, ಅಂದರೆ ಬೆರೆಸಿದ ರಾಸಾಯನಿಕ, ಇರುತ್ತದೆ, ಕೆಲವು ಕಂಪನಿಯವರು ಸೀಟೇನ್ (ಡೀಸೆಲ್ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅನ್ನುವ ಅಳತೆ) ಕೂಡ ಹೆಚ್ಚಿಸುತ್ತಾರೆ. ಮೂರು ಟ್ಯಾಂಕ್ ಹಾಕಿಸಿದೆ. ಲೀಟರಿಗೆ 9.4 ಕಿ.ಮೀ. ಬರುತ್ತಿದ್ದದ್ದು 9.4ರಲ್ಲೇ ನಿಂತಿತ್ತು. ಎಳೆತವೂ ಬರಲಿಲ್ಲ.

ಕೊನೆಗೆ ಸುಂಟಿಕೊಪ್ಪದ ಗ್ಯಾರೇಜಿಗೆ ಕೊಂಡುಹೋದೆ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದ್ದು, “ಡೀಸೆಲ್ ಬಂಕಿಂದ ಮಾತ್ರ ಹಾಕ್ತೀರಾ, ಮನೆಯಲ್ಲಿ ಬ್ಯಾರಲ್ ಉಂಟಾ?” ಅಂತ. ಬ್ಯಾರಲ್ ಇತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಬೇಕಲ್ವಾ, ಆ ಮೋಟರಿಗೆ ತಂದ ಡೀಸೆಲ್ ಉಳಿದಿತ್ತು. ಜೂನ್, ಜುಲೈನಲ್ಲಿ ಮಳೆ ಜೋರಾಗಿ ಬಂಕಿಗೆ ಹೋಗುವುದು ಬೇಡ ಅನ್ನಿಸಿದ ದಿನ ಅದರಿಂದಲೇ ಗಾಡಿಗೆ ಸುರಿದಿದ್ದೆ.

ಅವರು ಒಂದು ಗಾಜಿನ ಬಾಟಲಿ ಹಿಡಿದು ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ಸಡಿಲ ಮಾಡಿದರು. ಮೊದಲು ಬಂದದ್ದು ಡೀಸೆಲ್ ಅಲ್ಲ, ನೀರು. ಬಾಟಲಿಯನ್ನು ಹಾಗೇ ಬೆಂಚಿನ ಮೇಲೆ ಇಟ್ಟು ಐದು ನಿಮಿಷ ಬಿಟ್ಟರು. ಕೆಳಗೆ ಎರಡು ಬೆರಳು ಎತ್ತರ ನೀರು, ತಳದಲ್ಲಿ ತುಕ್ಕಿನ ಪುಡಿ, ಮೇಲೆ ಹಳದಿ ಡೀಸೆಲ್. ನಡುವೆ ದಾರ ಎಳೆದ ಹಾಗೆ ಒಂದು ಗೆರೆ. ಬಾಟಲಿ ಅಲ್ಲಾಡಿಸಿದರೆ ಒಂದು ಕ್ಷಣ ಎಲ್ಲ ಕಲಕಿಹೋಗುತ್ತಿತ್ತು, ಆಮೇಲೆ ಮತ್ತೆ ಅದೇ ಗೆರೆ. ಏರ್ ಫಿಲ್ಟರ್ ತೆಗೆದು ತಟ್ಟಿದರೆ ಬೇಸಿಗೆಯಲ್ಲಿ ತೋಟದ ದಾರಿಯಲ್ಲಿ ಕುಡಿದ ಕೆಂಪು ಧೂಳು ಇನ್ನೂ ಉದುರುತ್ತಿತ್ತು. ಮಳೆಗಾಲದ ತೇವಕ್ಕೆ ಅದು ಕಾಗದಕ್ಕೆ ಅಂಟಿ ಗಟ್ಟಿಯಾಗಿತ್ತು.

ಬ್ಯಾರಲ್ಲಿಗೆ ನೀರು ಹೋಗುವ ದಾರಿ ನನಗೆ ಆವತ್ತೇ ಅರ್ಥವಾದದ್ದು. ನಿಲ್ಲಿಸಿಟ್ಟ ಬ್ಯಾರಲ್‌ನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ, ಸುತ್ತ ಅಂಚು ಇರುವುದರಿಂದ ಹರಿದು ಹೋಗುವುದಿಲ್ಲ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಗೆ ಎಳೆದುಕೊಳ್ಳುತ್ತದೆ, ಆಗ ಮುಚ್ಚಳದ ಮೇಲೆ ನಿಂತ ನೀರೂ ಜೊತೆಗೆ ಇಳಿಯುತ್ತದೆ. ನಮ್ಮ ಮಳೆಗೆ ನಾಲ್ಕು ತಿಂಗಳು ಹೀಗೆ ನಡೆದರೆ ಏನಾಗಬೇಡ? ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ, ಪೈಪು ಹಾಕಿ ಎಳೆಯುವಾಗ ಮೊದಲು ಬರುವುದೂ ಅದೇ. ಇದಕ್ಕೆ ಎಂಥ ಪ್ರೀಮಿಯಂ ಡೀಸೆಲ್ ತಾನೇ ಏನು ಮಾಡಲು ಸಾಧ್ಯ?

ಟ್ಯಾಂಕ್ ಇಳಿಸಿ ತೊಳೆದು, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡೂ ಹೊಸದು ಹಾಕಿಸಿದೆ. ಟೈರಿನ ಗಾಳಿಯೂ ಸರಿ ಮಾಡಿಸಿದೆ. ಸಾಧಾರಣ ಡೀಸೆಲ್‌ನಲ್ಲೇ 9.4 ಇದ್ದದ್ದು 10.5 ಆಯಿತು.

ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ನೀರು ತುಂಬಿದ ಫಿಲ್ಟರ್ ಇಟ್ಟುಕೊಂಡು ಪ್ರೀಮಿಯಂ ಕೆಲಸ ಮಾಡಲಿಲ್ಲ ಅನ್ನುವುದು ಸರಿಯಾದ ಮಾತಲ್ಲ. ಗಾಡಿ ಚೆನ್ನಾಗಿರುವಾಗ ಹಾಕಿದರೆ? ಅದನ್ನು ಕಾಫಿ ಸೀಸನ್‌ನಲ್ಲಿ ನೋಡಿದೆ, ಯಾಕೆಂದರೆ ಆಗ ದಾರಿ ಒಂದೇ, ಲೋಡೂ ಹೆಚ್ಚುಕಡಿಮೆ ಒಂದೇ. ಇಳಿಯುವಾಗ ಕಾಫಿ ಮೂಟೆ. ಕುಶಾಲನಗರದಿಂದ ಗುಡ್ಡೆಹೊಸೂರು, ಆನೆಕಾಡು, ಸುಂಟಿಕೊಪ್ಪ ಹತ್ತಿ ಬರುವಾಗ ಗೊಬ್ಬರದ 25 ಮೂಟೆ. ಯಾವಾಗಲೂ ಒಂದೇ ಬಂಕ್, ಅದೇ ಪಂಪು. ನಳಿಕೆ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸುವುದು, ಅದರ ಮೇಲೆ ಒಂದು ಹನಿ ಹಾಕಿಸುವುದಿಲ್ಲ. ಗಾಡಿ ಬೇರೆಯವರ ಕೈಗೆ ಕೊಡಲಿಲ್ಲ. ಮೊದಲು ನಾಲ್ಕು ಟ್ಯಾಂಕ್ ಸಾಧಾರಣ, ನಡುವೆ ಒಂದು ಪ್ರೀಮಿಯಂ ಟ್ಯಾಂಕ್ ಲೆಕ್ಕಕ್ಕೆ ಹಿಡಿಯಲಿಲ್ಲ, ಹಳೆಯದು ಬೆರೆತಿರುತ್ತದೆ ಅಂತ. ಆಮೇಲೆ ನಾಲ್ಕು ಪ್ರೀಮಿಯಂ. ಎರಡು ತಿಂಗಳು ಹಿಡಿಯಿತು.

ಸಾಧಾರಣ ಡೀಸೆಲ್‌ನಲ್ಲಿ ಬಂದದ್ದು 10.6, 10.9, 10.4, 10.8. ಪ್ರೀಮಿಯಂನಲ್ಲಿ 10.8, 10.7, 11.0, 10.6. ಸರಾಸರಿ ತೆಗೆದರೆ 10.67 ಮತ್ತು 10.77. ಲೀಟರಿಗೆ ನೂರು ಮೀಟರ್ ಜಾಸ್ತಿ. ಆದರೆ ಸಾಧಾರಣದ್ದರಲ್ಲೇ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಅರ್ಧ ಕಿ.ಮೀ. ವ್ಯತ್ಯಾಸ ಇದೆ ನೋಡಿ, ಆದ್ದರಿಂದ ಆ ನೂರು ಮೀಟರ್ ಡೀಸೆಲ್‌ನಿಂದಲೇ ಬಂತು ಅಂತ ಹೇಳಲು ನನಗೆ ಧೈರ್ಯ ಇಲ್ಲ.

ನಾನು ಹಾಕಿಸಿದಾಗ ಸಾಧಾರಣ 91 ರೂಪಾಯಿ, ಪ್ರೀಮಿಯಂ 94.50. ಆ ಮೂರೂವರೆ ರೂಪಾಯಿ ಹುಟ್ಟಬೇಕಾದರೆ ಗಾಡಿ ಕಡಿಮೆ ಅಂದರೂ 11.08 ಕೊಡಬೇಕಿತ್ತು. ಕೊಡಲಿಲ್ಲ. ತಿಂಗಳಿಗೆ ಸುಮಾರು 540 ರೂಪಾಯಿ ಕೈಯಿಂದ ಹೋಗುತ್ತಿತ್ತು. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಗಿದ್ದು. ಬ್ರ್ಯಾಂಡೆಡ್, ಅಂದರೆ ಪ್ರೀಮಿಯಂ, ಡೀಸೆಲ್ ಮೇಲೆ ಆಗ ಎಕ್ಸೈಸ್ ಸುಂಕವೇ ಸಾಧಾರಣದ್ದಕ್ಕಿಂತ ಜಾಸ್ತಿ ಇತ್ತು. ಅಂದರೆ ನಾನು ಕೊಟ್ಟ ಹೆಚ್ಚಿಗೆ ಹಣ ಪೂರ್ತಿ ಅಡಿಟಿವ್‌ಗೆ ಹೋಗಲಿಲ್ಲ.

ಒಳ್ಳೆಯದು ಏನೂ ಕಾಣಲಿಲ್ಲ ಅಂತ ಅಲ್ಲ. ಜನವರಿ ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬರುವ ಆ ಟಕಟಕ ಸದ್ದು ಪ್ರೀಮಿಯಂನಲ್ಲಿ ಸ್ವಲ್ಪ ಕಡಿಮೆ ಇತ್ತು. ಸೀಟೇನ್ ಜಾಸ್ತಿ ಇದ್ದರೆ ಡೀಸೆಲ್ ಬೇಗ ಹತ್ತಿಕೊಳ್ಳುತ್ತದೆ, ಅದಕ್ಕೇ ಹಾಗೆ. ಆದರೆ ನಮ್ಮ ಸಾಧಾರಣ ಬಿಎಸ್6 (ಹೊಗೆ ಮಾಲಿನ್ಯದ ಈಗಿನ ಸರ್ಕಾರಿ ಮಾನದಂಡ, ಬಿಎಸ್4 ಅದರ ಹಿಂದಿನದು) ಡೀಸೆಲ್‌ಗೂ ಸೀಟೇನ್ 51 ಇರಲೇಬೇಕು ಅಂತ ನಿಯಮ ಇದೆ, ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಪಾಲು) ದಾಟಬಾರದು. ಬಿಎಸ್4 ಕಾಲದಲ್ಲಿ ಅದೇ ಗಂಧಕ 50 ಇತ್ತು. ನನ್ನ ಬಿಎಸ್4 ಎಂಜಿನ್ನಿಗೆ ಈಗಿನ ಸಾಧಾರಣ ಡೀಸೆಲ್ಲೇ ಒಂದು ಮೆಟ್ಟಿಲು ಮೇಲಿನದು.

ಪೆಟ್ರೋಲ್ ಗಾಡಿಯವರ ಲೆಕ್ಕ ಬೇರೆ. ನಮ್ಮ ಚಿಕ್ಕಪ್ಪನ ಮಗ ಪೆಟ್ರೋಲ್ ಮಿನಿ ಟ್ರಕ್ ಇಟ್ಟಿದ್ದಾನೆ, ಎಕ್ಸ್‌ಪಿ95 (ಇಂಡಿಯನ್ ಆಯಿಲ್‌ನ 95 ಆಕ್ಟೇನ್ ಪ್ರೀಮಿಯಂ ಪೆಟ್ರೋಲ್) ಹಾಕಿಸಿದರೆ ಶಕ್ತಿ ಜಾಸ್ತಿ ಅಂತ ಅವನ ನಂಬಿಕೆ. ಆಕ್ಟೇನ್ ಅನ್ನುವುದು ಶಕ್ತಿ ಅಲ್ಲ ಮಾರಾಯ, ಒತ್ತಡಕ್ಕೆ ಪೆಟ್ರೋಲ್ ಹೊತ್ತಿಗೆ ಮೊದಲೇ ಹತ್ತಿಕೊಳ್ಳದೆ ತಡೆಯುವ ಗುಣ ಅಂತ ನಾನು ಎಷ್ಟು ಸಲ ಹೇಳಿದ್ದೇನೋ. ಗಾಡಿಯ ಪುಸ್ತಕದಲ್ಲಿ 91 ಸಾಕು ಅಂತ ಬರೆದಿದ್ದರೆ 95ರಿಂದ ಲಾಭ ಇಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಪಿ100 ಅಂತೂ ಲೋಡ್ ಗಾಡಿಗೆ ಹಾಕುವ ವಸ್ತುವೇ ಅಲ್ಲ. ಟರ್ಬೊ ಪೆಟ್ರೋಲ್ ಎಂಜಿನ್ ಇದ್ದು, ಪುಸ್ತಕದಲ್ಲೇ 95 ಕೇಳಿದ್ದರೆ, ಅಥವಾ ಲೋಡ್ ಹಾಕಿ ಏರು ಹತ್ತುವಾಗ ಎಂಜಿನ್ ಒಳಗಿಂದ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತಿದ್ದರೆ, ಆಗ ಹಾಕಿಸಿ, ಜೊತೆಗೆ ಗ್ಯಾರೇಜಿಗೂ ತೋರಿಸಿ.

ಬಂಕಿನ ಅಳತೆ ಬಗ್ಗೆ ಅನುಮಾನ ಬಂದರೆ ಪ್ರೀಮಿಯಂ ಕಡೆ ಹೋಗುವ ಬದಲು 5 ಲೀಟರ್ ಅಳತೆ ಮಾಡಿ ತೋರಿಸಿ ಅಂತ ಕೇಳಿ. ಪ್ರತಿ ಬಂಕಿನಲ್ಲೂ ಆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ನಾನು ಒಂದು ಸಲ ಕೇಳಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಬ್ಯಾರಲ್ಲನ್ನು ಈಗ ಶೆಡ್ಡಿನ ಒಳಗೆ, ಎರಡು ಸಿಲ್ವರ್ ಓಕ್ ತುಂಡಿನ ಮೇಲೆ ಅಡ್ಡ ಮಲಗಿಸಿ ಇಟ್ಟಿದ್ದೇನೆ. ಎರಡು ಮುಚ್ಚಳವೂ ಡೀಸೆಲ್ ಮಟ್ಟದ ಕೆಳಗೆ ಬರುವ ಹಾಗೆ ತಿರುಗಿಸಿಟ್ಟರೆ ಗಾಳಿ ಎಳೆದುಕೊಳ್ಳುವುದಿಲ್ಲ. ಆದರೂ ಅದರ ಡೀಸೆಲ್ ಮೋಟರಿಗೆ ಮಾತ್ರ, ಗಾಡಿಗೆ ಇಲ್ಲ. ಮಳೆ ಶುರುವಾದ ಮೇಲೆ ತಿಂಗಳಿಗೆ ಒಂದು ಸಲ, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಅದೇ ಥರದ ಒಂದು ಗಾಜಿನ ಬಾಟಲಿ ಹಿಡಿದು ಫಿಲ್ಟರ್ ಡ್ರೈನ್ ಮಾಡುತ್ತೇನೆ. ಮೊನ್ನೆ ಮಾಡಿದಾಗ ತಳದಲ್ಲಿ ಅರ್ಧ ಚಮಚ ನೀರು ಇತ್ತು.