ಆಟಿಯ ಮಳೆಯಲ್ಲೂ ಲಿಂಬೆ ಮುಂಬೈ ಮುಟ್ಟಿತು

ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಜೋರು ಮಳೆಯಲ್ಲಿ ಕೊಯ್ದ ಲಿಂಬೆ ಮುಂಬೈಗೆ ಹೋಗಿ ವಾರ ನಿಲ್ಲುವುದಿಲ್ಲ ಎಂದು ನಮ್ಮ ಕಾರ್ಕಳ ಕಡೆ ಎಲ್ಲರೂ ಹೇಳುತ್ತಿದ್ದರು. ಕಳೆದ ವರ್ಷ ಆಟಿಯಲ್ಲೇ ಐದು ಸಲ ಕಳಿಸಿದೆ, ಸಲಕ್ಕೆ 50 ಕೆಜಿ ಹತ್ತಿರ. ಎಲ್ಲ ಸೇರಿ ಹಾಳಾದದ್ದು ಆರೇಳು ಕೆಜಿ ಇರಬಹುದು. ಬೇಡ ಅಂದವರೇ ಈಗ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ.

ಮೊದಲ ವರ್ಷ ಬೆಳಿಗ್ಗೆ ಕಾಯಿ ಒದ್ದೆ ಇರುವಾಗಲೇ ದೋಟಿಯಲ್ಲಿ (ಕೊಕ್ಕೆ ಕಟ್ಟಿದ ಉದ್ದ ಕೋಲು) ಎಳೆದು, ಗೋಣಿಗೆ ತುಂಬಿ ರಾತ್ರಿ ಬಸ್ಸಿಗೆ ಹಾಕಿದ್ದೆ. ನಾಲ್ಕನೇ ದಿನ ಭಾವನ ಫೋನ್ ಬಂತು. ಅವರದ್ದು ಅಲ್ಲಿ ಹೋಟೆಲು. "ಎಂಥ ಮಾರಾಯ, ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ!" ಬಾಡಿಗೆ ಸೇರಿ 3,000 ರೂಪಾಯಿ ಹೋಯಿತು. ಅವರು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತೊಟ್ಟು ಕಿತ್ತುಹೋದ ಜಾಗದಲ್ಲೇ ಬಿಳಿ ಸುತ್ತು, ನಡುವೆ ಹಸಿರು ಹುಡಿ. ತೊಟ್ಟು ಗಟ್ಟಿ ಇದ್ದ ಕಾಯಿಗೆ ಏನೂ ಆಗಿರಲಿಲ್ಲ. ಅವತ್ತಿನಿಂದ ದೋಟಿ ಬಿಟ್ಟೆ, ಕತ್ತರಿ ಹಿಡಿದೆ. ಒದ್ದೆ ಕಾಯಿಯನ್ನು ಮುಟ್ಟುವುದೇ ಇಲ್ಲ. ನೀರು ಕುಡಿದು ಬಿಗಿಯಾದ ಸಿಪ್ಪೆಯನ್ನು ಸ್ವಲ್ಪ ಒತ್ತಿದರೂ ಒಳಗಿನ ಎಣ್ಣೆ ಒಡೆದು ಕಂದು ಕಲೆ ಬೀಳುತ್ತದೆ.

ಎರಡನೇ ವರ್ಷ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕಳಿಸಿದೆ. ಒಳಗೇ ಬೆವರಿ ಕೊಳೆಯಿತು. ಆಮೇಲೆ ಪರಿಚಯದವರ ಅಂಗಡಿಯ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಟ್ಟೆ. ಎರಡು ವಾರಕ್ಕೆ ಸಿಪ್ಪೆಯಲ್ಲಿ ಕಂದು ಗುಳಿ. ಲಿಂಬೆಗೆ ಅಷ್ಟು ಚಳಿ ಆಗುವುದಿಲ್ಲ. 9–10 ಡಿಗ್ರಿ ಸಾಕು.

ಈಗ ಬಚ್ಚಲಿನ ಹಂಡೆಯೇ ನನ್ನ ಕಾರ್ಖಾನೆ. ಬೂಷ್ಟು ಹಿಡಿಯದ ಹಾಗೆ ಕಾಯಿಯನ್ನು ಅದರಲ್ಲಿ ಅದ್ದುತ್ತೇನೆ. 20 ಲೀಟರ್ ನೀರಿಗೆ 600 ಗ್ರಾಂ ಅಡುಗೆ ಸೋಡಾ, ಬಿಸಿ 50 ಡಿಗ್ರಿ ಆಸುಪಾಸು, ಎರಡೂವರೆ ನಿಮಿಷ. ಥರ್ಮಾಮೀಟರ್ ಇಲ್ಲದೆ ಕೈ ಹಾಕಬೇಡಿ. ಒಂದು ಸಲ ಬಿಸಿ ಜಾಸ್ತಿಯಾಗಿ 15 ಕೆಜಿ ಬೆಂದುಹೋಯಿತು. ತೆಗೆದು ಒಮ್ಮೆ ತಣ್ಣೀರಲ್ಲಿ ಅದ್ದಿ, ಚಾವಡಿಯಲ್ಲಿ ಗೋಣಿ ಹಾಸಿ ಇಡೀ ರಾತ್ರಿ ಫ್ಯಾನ್ ಹಾಕುತ್ತೇನೆ. ತೊಟ್ಟಿನ ಸುತ್ತ ಬೆರಳು ಆಡಿಸಿದರೆ ಒಣಗಿದ್ದು ಗೊತ್ತಾಗುತ್ತದೆ.

ಕೊನೆಗೆ ತೆಂಗಿನೆಣ್ಣೆ. ಅಂಗೈಗೆ ಸವರಿಕೊಂಡು ಕಾಯಿಯನ್ನು ಸುಮ್ನೆ ಹೊರಳಿಸುವುದು, ಅಷ್ಟೇ. ದಪ್ಪ ಬಳಿದರೆ ಕಾಯಿ ಉಸಿರುಕಟ್ಟಿ ರಸಕ್ಕೆ ಕೆಟ್ಟ ವಾಸನೆ ಬರುತ್ತದೆ. ಎಷ್ಟು ಕಾಯಿಗೆ ಎಷ್ಟು ಎಣ್ಣೆ, ಅದಕ್ಕೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲಿಕ್ಕೇ ನನಗೆ ಎರಡು ಮಳೆಗಾಲ ಹಿಡಿಯಿತು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ 8 ಕೆಜಿಯಂತೆ ತುಂಬುತ್ತೇನೆ. ಹತ್ತಿರ ಬಾಳೆಗೊನೆ ಇಡಬೇಡಿ, ಲಿಂಬೆ ಬೇಗ ಹಳದಿಯಾಗುತ್ತದೆ.

ನಡುವೆ ಕಂಚಿಕಾಯಿಯ (ಲಿಂಬೆ ಜಾತಿಯದ್ದೇ ದೊಡ್ಡ ಹುಳಿ ಕಾಯಿ) ಹುಚ್ಚೂ ಹಿಡಿಯಿತು. ಅಮ್ಮ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿಗೆ (ಸೂರಿಗೆ) ನೇತು ಹಾಕುತ್ತಿದ್ದರಲ್ವಾ, ಹಾಗೇ ಹತ್ತು ಕಾಯಿ ನೇತು ಹಾಕಿದೆ. ತಿಂಗಳಿಗೇ ಸೊರಗಿದವು. ಒಣ ಹೊಯ್ಗೆಯಲ್ಲಿ (ಮರಳಿನಲ್ಲಿ) ಹೂತಿಟ್ಟ ಹತ್ತರಲ್ಲಿ ಎಂಟು ಎರಡು ತಿಂಗಳ ಮೇಲೂ ರಸ ಕೊಟ್ಟವು. ಅಮ್ಮನೇ ಉಪ್ಪಿನಕಾಯಿ ಹಾಕಿದರು.

ಇಲ್ಲಿ ವ್ಯಾಪಾರಿ ಕೆಜಿಗೆ 35 ಕೊಡುವಾಗ ಭಾವ 70 ಕೊಟ್ಟರು. ಬಾಡಿಗೆ, ಪೆಟ್ಟಿಗೆ ಎಲ್ಲ ಕಳೆದು 55 ಉಳಿಯಿತು. ಈಗ ಅವರ ಪಕ್ಕದ ಎರಡು ಹೋಟೆಲಿನವರೂ ಕೇಳಿದ್ದಾರೆ. ಈ ವಾರ 60 ಕೆಜಿ ಹೋಗಬೇಕು. ಎರಡು ದಿನ ಮಳೆ ಬಿಟ್ಟರೆ ಕತ್ತರಿ ಹಿಡಿದು ಇಳಿಯುತ್ತೇನೆ.