ನನ್ನದೇ ಥೈರಾಯ್ಡ್ ರಿಪೋರ್ಟ್ ಓದಲು ಕಲಿತಿದ್ದು

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಲ್ಯಾಬಿನಲ್ಲಿ ನಾನು 13 ವರ್ಷದಿಂದ ಟೆಕ್ನಿಷಿಯನ್. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಗುಬ್ಬಿ, ಕೊರಟಗೆರೆ, ಮಧುಗಿರಿ ಬಸ್ಸು ಇಳಿದು ಬಂದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಥೈರಾಯ್ಡ್ ಟೆಸ್ಟಿಗೆ ಬಂದವರು ಅವರಲ್ಲಿ ದಿನಾ ಇದ್ದೇ ಇರುತ್ತಾರೆ. ಸಾವಿರಾರು ರಿಪೋರ್ಟ್ ನನ್ನ ಕೈಯಿಂದಲೇ ಹೋಗಿವೆ. ಆದರೂ ಅದನ್ನು ಹೇಗೆ ಓದಬೇಕು ಅಂತ ನಿಜವಾಗಿ ಗೊತ್ತಾಗಿದ್ದು ಅದರ ಮೇಲೆ ನನ್ನ ಹೆಸರೇ ಬಂದಾಗ.

ಆಗ ನನಗೆ 36. ಮಧ್ಯಾಹ್ನ ಊಟ ಆದ ಮೇಲೆ ಕಣ್ಣು ಬಿಡಲಾಗದಷ್ಟು ಸುಸ್ತು. ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಆರಿಸಿ ಅನ್ನುತ್ತಿದ್ದೆ. ಒಂದು ದಿನ ನನ್ನ ರಕ್ತವನ್ನೂ ಉಳಿದವರ ಟ್ಯೂಬಿನ ಜೊತೆ ಮೆಷಿನ್ನಿಗೆ ಇಟ್ಟೆ. ಥೈರಾಯ್ಡ್ ಟೆಸ್ಟಿನಲ್ಲಿ ಮೊದಲು ನೋಡುವ ಹಾರ್ಮೋನಾದ ಟಿಎಸ್‌ಎಚ್ 7.8 ಬಂತು. ನಮ್ಮ ಮೆಷಿನ್ನಿನ ರೇಂಜ್ ಸುಮಾರು 0.4ರಿಂದ 4.2. ಅಮ್ಮನಿಗೆ ಫೋನ್ ಮಾಡಿದರೆ, "ಅಯ್ಯೋ, ನಿನಗೂ ಥೈರಾಯ್ಡ್ ಜಾಸ್ತಿ ಆಯ್ತಾ?" ಎಂದರು.

ನಮ್ಮ ಕಡೆ ಎಲ್ಲರೂ ಹೀಗೇ ಹೇಳುವುದು. ಆದರೆ "ಥೈರಾಯ್ಡ್ ಜಾಸ್ತಿ" ಅನ್ನುವ ಎಷ್ಟೋ ಜನಕ್ಕೆ ಇರುವುದು ಕಡಿಮೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವುದೇ ಇಲ್ಲ. ಅದು ಮಿದುಳಿನ ಕೆಳಗಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿಂದ ಬರುತ್ತದೆ. ಕತ್ತಿನ ಗ್ರಂಥಿಗೆ "ಕೆಲಸ ಮಾಡು" ಅಂತ ಹೇಳುವ ಕೂಗು ಅದು. ಗ್ರಂಥಿ ನಿಧಾನವಾದಷ್ಟೂ ಕೂಗು ಜೋರಾಗುತ್ತದೆ. ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಕೂಗು ನಿಂತೇ ಹೋಗಬಹುದು. ಈ ಕೂಗು ತುಂಬಾ ಸೂಕ್ಷ್ಮ. ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನ ಹತ್ತಿರ ಏರಬಹುದು. ಅದಕ್ಕೇ ಡಾಕ್ಟರುಗಳು ಮೊದಲು ಇದನ್ನೇ ಬರೆಯುತ್ತಾರೆ.

ನಾನು ತೋರಿಸಿದ ಡಾಕ್ಟರ್ ಅವತ್ತೇ ಮಾತ್ರೆ ಬರೆಯಲಿಲ್ಲ. ಸ್ವಲ್ಪ ಏರಿದ ಟಿಎಸ್‌ಎಚ್ ಎಷ್ಟೋ ಸಲ ತಾನೇ ಇಳಿಯುತ್ತದೆ, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಆಗ 8.6 ಬಂತು. ಫ್ರೀ ಟಿ4, ಅಂದರೆ ರಕ್ತದಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಟಿ4, ಇನ್ನೂ ರೇಂಜಿನ ಒಳಗೇ ಇತ್ತು. ಥೈರಾಯ್ಡ್ ಗ್ರಂಥಿಯ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಆಂಟಿ ಟಿಪಿಒ ಮಾತ್ರ ತುಂಬಾ ಹೆಚ್ಚು. ಅಂದರೆ ನನ್ನ ಮೈಯ ರಕ್ಷಣಾ ಶಕ್ತಿಯೇ ನನ್ನ ಗ್ರಂಥಿಯ ಮೇಲೆ ತಿರುಗಿ ಬಿದ್ದಿತ್ತು. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಹೆಸರಲ್ಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಇಲ್ಲಿ ಒಂದು ಮಾತು. ಆಂಟಿ ಟಿಪಿಒ ಕಾರಣ ತಿಳಿಸುತ್ತದೆ, ಡೋಸ್ ಎಷ್ಟಿರಬೇಕು ಅಂತ ತಿಳಿಸುವುದಿಲ್ಲ. ಒಮ್ಮೆ ಗೊತ್ತಾದ ಮೇಲೂ ಪ್ರತಿ ಸಲ ದುಡ್ಡು ಕೊಟ್ಟು ಅದನ್ನೇ ಮಾಡಿಸುವವರನ್ನು ನೋಡಿದರೆ ಸಂಕಟವಾಗುತ್ತದೆ.

50 ಮೈಕ್ರೋಗ್ರಾಂ ಮಾತ್ರೆ ಶುರುವಾಯಿತು. ಲ್ಯಾಬಿನಲ್ಲೇ ಇದ್ದೀನಲ್ಲ, ಮೂರನೇ ವಾರಕ್ಕೇ ಟೆಸ್ಟ್ ಮಾಡಿಕೊಂಡೆ. 6.1. ಇಷ್ಟೇನಾ ಇಳಿದಿದ್ದು ಅಂತ ಡೋಸ್ ಏರಿಸಿಕೊಳ್ಳುವ ಯೋಚನೆ ಬಂತು. ಡಾಕ್ಟರ್ ಗದರಿದರು. ಮಾತ್ರೆಯಲ್ಲಿರುವ ಟಿ4 ರಕ್ತದಲ್ಲಿ ಅರ್ಧ ಆಗಲು ಸುಮಾರು ಏಳು ದಿನ ಬೇಕು. ಹಾಗಾಗಿ ಹೊಸ ಡೋಸ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲೂ ಸಮಯ ಬೇಕು. ಆರರಿಂದ ಎಂಟು ವಾರ ಬಿಟ್ಟು ನೋಡಬೇಕು, ಅದಕ್ಕೂ ಮುಂಚೆ ನೋಡಿದರೆ ಅರ್ಧ ಬೆಂದ ಅನ್ನ ರುಚಿ ನೋಡಿದ ಹಾಗೆ. ಏಳನೇ ವಾರಕ್ಕೆ ನನ್ನದು 2.9 ಇತ್ತು, ಅದೇ ಡೋಸಿನಲ್ಲಿ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ತಾರೀಕು, ರಕ್ತ ತೆಗೆದ ಗಂಟೆ, ಯಾವ ಲ್ಯಾಬ್, ಡೋಸ್, ಹಿಂದಿನ ಮಾತ್ರೆ ನುಂಗಿದ ಹೊತ್ತು, ಬೇರೆ ಯಾವ ಮಾತ್ರೆ ನಡೀತಿದೆ, ಆಮೇಲೆ ನಂಬರು. ನಂಬರಿಗಿಂತ ಮುಂಚಿನ ಕಾಲಂಗಳೇ ನನಗೆ ಜಾಸ್ತಿ ಕಲಿಸಿದವು.

ಗಂಟೆ ಬರೆಯುವುದು ಯಾಕೆಂದರೆ, ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಮೇಲಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ ಕೊಟ್ಟರೆ ಹೋಲಿಸುವುದು ಕಷ್ಟ. ನಾನು ಯಾವಾಗಲೂ ಏಳೂವರೆಗೆ ಕೊಡುತ್ತೇನೆ. ರಕ್ತ ಕೊಟ್ಟ ಮೇಲೆ ಆ ದಿನದ ಮಾತ್ರೆ. ನುಂಗಿ ಬಂದರೆ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ. ಲ್ಯಾಬ್ ಬದಲಿಸುವುದಿಲ್ಲ. ಒಮ್ಮೆ ಒಂದೇ ಸಲ ತೆಗೆದ ರಕ್ತವನ್ನು ಎರಡು ಕಡೆ ಮಾಡಿಸಿದೆ. ಒಂದು ಕಡೆ 4.1, ಇನ್ನೊಂದು ಕಡೆ 4.8. ಎರಡೂ ತಪ್ಪಲ್ಲ. ಕಂಪನಿ ಬೇರೆಯಾದರೆ ಕಿಟ್ ಬೇರೆ, ರೇಂಜೂ ಬೇರೆ.

ಖಾಲಿ ಹೊಟ್ಟೆ ಬೇಕಾ ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಬರೀ ಥೈರಾಯ್ಡ್ ಆದರೆ ಬೇಕಿಲ್ಲ. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಬಂದರೂ ರಕ್ತ ತೆಗೆಯುತ್ತೇನೆ. ಜೊತೆಗೆ ಫಾಸ್ಟಿಂಗ್ ಶುಗರ್ ಬರೆದಿದ್ದರೆ ಮಾತ್ರ ಆಗುವುದಿಲ್ಲ. ಉಪವಾಸ ಇದ್ದು ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದು ತಲೆ ಸುತ್ತಿ ಬಿದ್ದ ಅಜ್ಜಿಯೊಬ್ಬರನ್ನು ನಾನೇ ಹಿಡಿದು ಕೂರಿಸಿದ್ದೇನೆ. ಖಾಲಿ ಹೊಟ್ಟೆ ಬೇಕಿರುವುದು ಮಾತ್ರೆಗೆ. ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. ಒಂದು ವರ್ಷ ನನ್ನದು ಇದ್ದಕ್ಕಿದ್ದಂತೆ 6.4 ಆಗಿತ್ತು. ನೋಟ್‌ಬುಕ್ ತೆಗೆದು ನೋಡಿದೆ. ಮಂಡಿ ನೋವಿಗೆ ಕೊಟ್ಟ ಕ್ಯಾಲ್ಸಿಯಮ್ಮನ್ನು ಎರಡು ತಿಂಗಳಿಂದ ಬೆಳಗ್ಗೆ ಜೊತೆಗೇ ನುಂಗುತ್ತಿದ್ದೆ. ಡಾಕ್ಟರ್ ಡೋಸ್ ಮುಟ್ಟಲಿಲ್ಲ. ಕ್ಯಾಲ್ಸಿಯಂ ರಾತ್ರಿಗೆ ಹೋಯಿತು, ನಂಬರು ಇಳಿಯಿತು.

ಈಗ ನನ್ನ ನಾದಿನಿಯ ವಿಷಯ. ಅವಳು ತಿಪಟೂರಿನಲ್ಲಿರುವುದು. ಅಲ್ಲಿ ಮಾಡಿಸಿದ ರಿಪೋರ್ಟಿನ ಫೋಟೋ ಕಳಿಸಿದಳು. ಟಿಎಸ್‌ಎಚ್ 0.08, ಫ್ರೀ ಟಿ4 2.6. ನೋಡಿದರೆ ಗ್ರಂಥಿ ಹುಚ್ಚು ಹಿಡಿದಂತೆ ಓಡುತ್ತಿದೆ ಅನ್ನಬೇಕು. "ಎದೆ ಹೊಡ್ಕೊಳ್ತಾ? ಕೈ ನಡುಗುತ್ತಾ? ತೂಕ ಇಳಿದಿದ್ಯಾ?" ಕೇಳಿದೆ. "ಏನೂ ಇಲ್ಲ ಅತ್ತಿಗೆ, ಚೆನ್ನಾಗೇ ಇದ್ದೀನಿ. ಕೂದಲು ಉದುರುತ್ತೆ ಅಂತ ಒಂದು ಮಾತ್ರೆ ತಗೋತಿದ್ದೀನಿ ಅಷ್ಟೇ" ಎಂದಳು. ಆ ಮಾತ್ರೆ ಶೀಟಿನ ಫೋಟೋ ಕಳಿಸು ಅಂದೆ. ಬಯೋಟಿನ್ ಅನ್ನುವ ಬಿ ವಿಟಮಿನ್, 10 ಮಿಲಿಗ್ರಾಂ. ದಿನಕ್ಕೆ ನಮಗೆ ಬೇಕಿರುವುದು ಸುಮಾರು 30 ಮೈಕ್ರೋಗ್ರಾಂ. ಅದರ ಮುನ್ನೂರು ಪಟ್ಟಿಗಿಂತ ಹೆಚ್ಚು!

ಕೆಲವು ಮೆಷಿನ್ನುಗಳ ಕಿಟ್ಟಿನಲ್ಲೇ ಬಯೋಟಿನ್ ಇರುತ್ತದೆ. ಅದರ ಮೂಲಕವೇ ಟೆಸ್ಟಿನ ವಸ್ತು ತನ್ನ ಸೀಟಿಗೆ ಅಂಟಿಕೊಳ್ಳಬೇಕು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ರಕ್ತದಲ್ಲಿರುವ ಹೆಚ್ಚಿನ ಬಯೋಟಿನ್ ಹಾಗೆ ಎಲ್ಲ ಸೀಟಿಗೂ ಮೊದಲೇ ಟವಲ್ ಹಾಕಿಬಿಡುತ್ತದೆ. ಮೆಷಿನ್ನಿಗೆ ಕಾಣುವ ಬೆಳಕು ಕಡಿಮೆಯಾಗುತ್ತದೆ. ಟಿಎಸ್‌ಎಚ್ ಟೆಸ್ಟಿನಲ್ಲಿ ಬೆಳಕು ಕಡಿಮೆ ಅಂದರೆ ಹಾರ್ಮೋನು ಕಡಿಮೆ ಅಂತ ಲೆಕ್ಕ. ಫ್ರೀ ಟಿ4 ಟೆಸ್ಟಿನಲ್ಲಿ ಲೆಕ್ಕ ಉಲ್ಟಾ, ಬೆಳಕು ಕಡಿಮೆ ಅಂದರೆ ಹಾರ್ಮೋನು ಜಾಸ್ತಿ. ಒಂದು ಸುಳ್ಳು ಕಡಿಮೆ, ಒಂದು ಸುಳ್ಳು ಜಾಸ್ತಿ. ಎರಡೂ ಸೇರಿ ಅಪ್ಪಟ ಕಾಯಿಲೆಯ ಹಾಗೆಯೇ ಕಾಣುತ್ತವೆ. ಅವಳ ಡಾಕ್ಟರಿಗೆ ಬಯೋಟಿನ್ ವಿಷಯ ತಿಳಿಸಿ, ಮೂರು ದಿನ ನಿಲ್ಲಿಸಿ, ಮತ್ತೆ ರಕ್ತ ಕೊಟ್ಟಳು. ಟಿಎಸ್‌ಎಚ್ 2.1, ಫ್ರೀ ಟಿ4 1.2. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುವುದರಲ್ಲಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೀಗೆ ಕೇಳದೆ ಕಳಿಸಿದ ರಿಪೋರ್ಟುಗಳು ನನ್ನ ಕೈಯಿಂದ ಎಷ್ಟು ಹೋಗಿವೆಯೋ ಅಂತ.

ಟಿಎಸ್‌ಎಚ್ ಸರಿ ಇದ್ದರೂ ಎಲ್ಲ ಸರಿ ಅನ್ನಲಾಗದು. ಶಿರಾ ಕಡೆಯ ಒಬ್ಬ ಬಾಣಂತಿಗೆ 2.4 ಬಂದಿತ್ತು. ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತು, ಹಾಲೇ ಬಂದಿರಲಿಲ್ಲ, ಏಳಲು ಆಗದಷ್ಟು ನಿಶ್ಶಕ್ತಿ. ಅವರ ಡಾಕ್ಟರ್ ಫ್ರೀ ಟಿ4 ಕೂಡ ಬರೆದಿದ್ದರು. ಅದು ತೀರಾ ಕಡಿಮೆ ಇತ್ತು. ಅಂಥ ರಕ್ತಸ್ರಾವದಿಂದ ಪಿಟ್ಯುಟರಿಗೇ ಪೆಟ್ಟು ಬೀಳಬಹುದು. ಕೂಗಬೇಕಾದದ್ದಕ್ಕೇ ಧ್ವನಿ ಇಲ್ಲದಿದ್ದರೆ ಟಿಎಸ್‌ಎಚ್ ಏರುವುದಾದರೂ ಹೇಗೆ? ಬರೀ ಟಿಎಸ್‌ಎಚ್ ಬರೆದಿದ್ದರೆ ನಾವು ನಾರ್ಮಲ್ ಅಂತ ಕಳಿಸಿರುತ್ತಿದ್ದೆವು. ಗರ್ಭಿಣಿಯರದ್ದೂ ಬೇರೆಯೇ ಲೆಕ್ಕ. ಮೊದಲ ಮೂರು ತಿಂಗಳು ಗರ್ಭದ ಹಾರ್ಮೋನಿನಿಂದ ಟಿಎಸ್‌ಎಚ್ ಇಳಿಯುತ್ತದೆ. ಎಲ್ಲರಿಗೂ ಹಾಕುವ ರೇಂಜ್ ಅವರಿಗೆ ಸಲ್ಲುವುದಿಲ್ಲ.

ಈಗ ನಮ್ಮ ಕೌಂಟರಿನಲ್ಲಿ ಕೂರುವ ಹುಡುಗಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಇವತ್ತಿನ ಥೈರಾಯ್ಡ್ ಮಾತ್ರೆ ಆಯ್ತಾ, ಎಷ್ಟು ಗಂಟೆಗೆ? ಡೋಸ್ ಬದಲಾಗಿ ಎಷ್ಟು ವಾರ ಆಯ್ತು? ಕೂದಲಿಗೆ, ಉಗುರಿಗೆ ಅಂತ ಏನಾದ್ರೂ ತಗೋತಿದ್ದೀರಾ? ಗರ್ಭಿಣಿನಾ? ಬಂದ ಉತ್ತರವನ್ನು ಅವಳು ಫಾರಂ ಮೇಲೆ ಬರೆಯುತ್ತಾಳೆ. ಒಬ್ಬರಿಗೆ ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ. ಮೆಟ್ಟಿಲ ಮೇಲಿನ ಸಾಲು ಸ್ವಲ್ಪ ಉದ್ದ ಆಗಿದೆ.